ಶುಭಕಾರ್ಯದ ಹೂವು, ಕರೆಯೋಲೆ: ಊರಿನ ವ್ಯಾಪಾರ ಊರಿನಲ್ಲೇ ಉಳಿಯಲಿ

ಮನುಷ್ಯನ ಬಾಳಿನ ಮುಖ್ಯ ಘಟ್ಟಗಳೆಲ್ಲವೂ ಎರಡು ಅಂಗಡಿಗಳ ಮುಂದೆ ಹಾದುಹೋಗುತ್ತವೆ. ಒಂದು ಹೂವಿನ ಅಂಗಡಿ, ಮತ್ತೊಂದು ಮುದ್ರಣಾಲಯ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಹೊಸ ಮನೆಯ ಪ್ರವೇಶ, ಮದುವೆಯ ಧಾರೆ, ಬೀಗರ ಔತಣ, ನೌಕರಿಯಿಂದ ನಿವೃತ್ತಿ, ಅರವತ್ತರ ಶಾಂತಿ, ಕಡೆಗೆ ಹನ್ನೊಂದನೆಯ ದಿನದ ಕಾರ್ಯ, ಇವುಗಳಲ್ಲಿ ಯಾವುದೂ ಹೂವಿಲ್ಲದೆ ನಡೆಯುವುದಿಲ್ಲ. ಬಂಧುಗಳಿಗೆ ಒಂದು ಪತ್ರಿಕೆ ಕೊಡದೆ ನಡೆಯುವುದೂ ಅಪರೂಪ.

ಇವೆರಡೂ ದೊಡ್ಡ ಬಂಡವಾಳದ ಉದ್ಯಮಗಳಲ್ಲ. ಆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಪೇಟೆಬೀದಿಗಳಲ್ಲಿ ಇವನ್ನು ನಂಬಿ ಬದುಕುವ ಕುಟುಂಬಗಳು ಅನೇಕ. ಅರ್ಧ ಎಕರೆಯಲ್ಲಿ ಸೇವಂತಿಗೆ ಹಾಕಿದ ರೈತ, ಮನೆಯ ಜಗಲಿಯಲ್ಲಿ ಕುಳಿತು ಹೂ ಕಟ್ಟುವ ಹೆಣ್ಣುಮಕ್ಕಳು, ದೇವಸ್ಥಾನದ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡವರು, ಹಾರ ಕಟ್ಟುವವರು, ಮಂಟಪ ಅಲಂಕರಿಸುವವರು, ಅಕ್ಷರ ಜೋಡಿಸುವವರು, ಮುದ್ರಕರು ಎಲ್ಲರೂ ಈ ಸಾಲಿಗೆ ಸೇರಿದವರು. ಇವರ ವ್ಯಾಪಾರ ಇಂದು ಮೆಲ್ಲಮೆಲ್ಲನೆ ಊರು ಬಿಟ್ಟು ಹೋಗುತ್ತಿದೆ. ಬೆಲೆಯನ್ನು ಇನ್ನೂ ಇಳಿಸುವುದರಿಂದ ಅದನ್ನು ತಡೆಯಲಾಗದು. ಸಂದರ್ಭವನ್ನು ಅರಿತು ಗಿರಾಕಿಗೆ ಸರಿಯಾದ ಆಯ್ಕೆಯನ್ನು ಸೂಚಿಸಬಲ್ಲ ಅಂಗಡಿಗೆ ಮಾತ್ರ ಅದನ್ನು ಉಳಿಸಿಕೊಳ್ಳುವ ಶಕ್ತಿಯಿದೆ.

ವ್ಯಾಪಾರ ಹೊರಟ ದಾರಿ

ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿಲೋಮೀಟರ್. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಈ ಭಾಗದ ಜನರಿಗೆ ಮೊದಲಿನಿಂದಲೂ ಪರಿಚಿತ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯು ಶ್ರೀರಂಗಪಟ್ಟಣದ ಪೇಟೆಯನ್ನು ಬದಿಗಿರಿಸಿ ಸಾಗಿತು. ರಾಜಧಾನಿಯೂ ಹತ್ತಿರವಾಯಿತು. ಮದುವೆ ಜವಳಿಗೆಂದು ಬೆಂಗಳೂರಿನ ಚಿಕ್ಕಪೇಟೆಗೆ ಹೋದ ಕುಟುಂಬ ಅದೇ ದಿನ ಲಗ್ನಪತ್ರಿಕೆಯನ್ನೂ ಅಲ್ಲಿಯೇ ಗೊತ್ತುಮಾಡಿ ಬರುವುದು ಸುಲಭವಾಗಿದೆ.

ಎರಡನೆಯ ದಾರಿ ಕೈಯಲ್ಲಿರುವ ಫೋನು. ಒಂದು ಕಾಲಕ್ಕೆ ಹೊಸವರ್ಷ, ಸಂಕ್ರಾಂತಿ, ಯುಗಾದಿ ಸಮೀಪಿಸಿದರೆ ಪುಸ್ತಕದಂಗಡಿಗಳ ಮುಂದೆ ಶುಭಾಶಯ ಪತ್ರಗಳ ದಾರ ಕಟ್ಟುತ್ತಿದ್ದರು. ದೂರದ ಮದುವೆಗೆ ಹೋಗಲಾಗದವರು ಅಂಚೆ ಕಚೇರಿಗೆ ಹೋಗಿ ಶುಭಾಶಯದ ತಂತಿ ಕಳುಹಿಸುತ್ತಿದ್ದರು. ಆ ತಂತಿ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. 2020ರಲ್ಲಿ ಕೊರೊನಾ ಬಂದಾಗ ಮದುವೆಗೆ 50 ಜನರ ಮಿತಿ ವಿಧಿಸಲಾಯಿತು. ಆಗ ಕರೆಯೋಲೆಯೂ ಪೂರ್ಣವಾಗಿ ಫೋನಿಗೆ ಸೇರಿತು. ಮಿತಿ ತೆರವಾದ ಮೇಲೆ ಜನ ಛತ್ರಗಳಿಗೆ ಮರಳಿದರು, ಮುದ್ರಣಾಲಯಕ್ಕೆ ಮಾತ್ರ ಎಲ್ಲರೂ ಮರಳಲಿಲ್ಲ.

ಇದಕ್ಕೆ ಸಂಬಂಧಿಸಿದ ಸರ್ಕಾರದ ನಿಲುವನ್ನೂ ಹೂವಿನ ವರ್ತಕರು ಗಮನಿಸಬೇಕು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವು ತನ್ನ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಕೊಡುವುದನ್ನು ಬಿಟ್ಟು ಕನ್ನಡ ಪುಸ್ತಕ ಕೊಡಬೇಕೆಂದು ಆದೇಶಿಸಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಹೂವು, ಶಾಲುಗಳ ಬದಲಿಗೆ ಪುಸ್ತಕ ಕೊಡಿರೆಂದು ಸಾರ್ವಜನಿಕರನ್ನು ಕೋರಿದರು. ಪುಸ್ತಕ ಕೊಡುವುದನ್ನು ಯಾರೂ ಬೇಡವೆನ್ನಲಾರರು. ಆದರೆ ವೇದಿಕೆಯ ಮೇಲೆ ಒಂದು ಕ್ಷಣ ಹಾಕಿ ಮರುಕ್ಷಣವೇ ತೆಗೆದು ಮೇಜಿನ ಕೆಳಗಿಡುವ ಹಾರಗಳಿಂದಲೇ ಈ ಮಾತು ಹುಟ್ಟಿತೆಂಬುದನ್ನು ವ್ಯಾಪಾರಸ್ಥರು ಮರೆಯಬಾರದು. ಕ್ರೇನಿನಿಂದ ಎತ್ತಿ ಹಾಕುವ ಭಾರಿ ಹಾರವು ಒಂದು ದಿನದ ವ್ಯಾಪಾರವನ್ನು ಹೆಚ್ಚಿಸಬಹುದು. ಅದು ಹೂವಿನ ಮರ್ಯಾದೆಯನ್ನು ಹೆಚ್ಚಿಸುವುದಿಲ್ಲ.

ಹೂವನ್ನು ಆರಿಸುವ ಬಗೆ

ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅನೇಕರಿಗೆ ಇಂದು ಯಾವ ಕಾರ್ಯಕ್ಕೆ ಯಾವ ಹೂವು ಎಂಬುದು ತಿಳಿಯದು. ಮನೆಯಲ್ಲಿ ಅಜ್ಜಿ ಇದ್ದರೆ ಹೇಳಿ ಕಳುಹಿಸುತ್ತಿದ್ದರು. ಈಗ ಆ ಸ್ಥಾನದಲ್ಲಿ ವ್ಯಾಪಾರಿಯೇ ನಿಂತು ಹೇಳಬೇಕಾಗಿದೆ.

ಮಲ್ಲಿಗೆಗೆ ಪರಿಮಳವುಂಟು, ಬಾಳಿಕೆಯಿಲ್ಲ. ಸಂಜೆ ಅರಳಿದ ಮೊಗ್ಗು ಮರುದಿನ ಮಧ್ಯಾಹ್ನದ ಆರತಕ್ಷತೆಗೆ ನಿಲ್ಲಲಾರದು. ಕಾಕಡದಲ್ಲಿ ಸುವಾಸನೆ ಕಡಿಮೆಯಾದರೂ ಅದು ಮಲ್ಲಿಗೆಗಿಂತ ಹೆಚ್ಚು ಹೊತ್ತು ಬಿಳುಪು ಕಾಯ್ದುಕೊಳ್ಳುತ್ತದೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಆದರೆ ತೂಕ ಹಗುರ, ಬೇಗನೆ ಬಾಡುವುದೂ ಇಲ್ಲ. ಹಿಂದಿನ ರಾತ್ರಿಯೇ ಛತ್ರ ಸೇರುವ ಮದುವೆ ಮನೆಯವರಿಗೆ ಇವೆರಡನ್ನೂ ಕೂಡಿಸಿ ಕಟ್ಟಿಕೊಡುವುದು ಬುದ್ಧಿವಂತಿಕೆ. ಮೊಗ್ಗಿನ ಜಡೆಗೆ ಬಿರಿಯದ ಮೊಗ್ಗೇ ಬೇಕು. ಅದನ್ನು ಮುಹೂರ್ತದ ವೇಳೆಯನ್ನು ಕೇಳಿಯೇ ಒಪ್ಪಿಕೊಳ್ಳಬೇಕು. ಗೃಹಪ್ರವೇಶದ ಬಾಗಿಲಿಗೆ ಮಾವಿನ ತೋರಣದ ಜೊತೆ ಚೆಂಡುಹೂವೂ ಸೇವಂತಿಗೆಯೂ ಸಾಕು. ಅಲ್ಲಿ ದುಬಾರಿ ಗುಲಾಬಿಯ ಅವಶ್ಯಕತೆಯಿಲ್ಲವೆಂದು ಹೇಳಿದ ಅಂಗಡಿಯವನನ್ನು ಗಿರಾಕಿ ಮುಂದಿನ ಕಾರ್ಯಕ್ಕೆ ಹುಡುಕಿಕೊಂಡು ಬರುತ್ತಾನೆ.

ಹಾರದ ವಿಷಯದಲ್ಲಿ ಸುಗಂಧರಾಜದ ಸ್ಥಾನ ದೊಡ್ಡದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಇದರಲ್ಲಿ ಹಲವು ತಳಿಗಳನ್ನು ಬಿಡುಗಡೆ ಮಾಡಿದೆ. ಒಂಟಿ ಸುತ್ತಿನ ‘ಶೃಂಗಾರ’, ‘ಪ್ರಜ್ವಲ್’ ತಳಿಗಳು ಬಿಡಿ ಹೂವಾಗಿ ಹಾರಕ್ಕೆ ಒದಗುತ್ತವೆ. ಹೆಚ್ಚು ಸುತ್ತಿನ ಎಸಳುಳ್ಳ ‘ಸುವಾಸಿನಿ’, ‘ವೈಭವ್’ ತಳಿಗಳು ಕಡ್ಡಿ ಸಮೇತ ಹೂದಾನಿಗೂ ಗುಚ್ಛಕ್ಕೂ ಒಪ್ಪುತ್ತವೆ. ನಾಲೆಯ ನೀರಿರುವ ಕಡೆಯ ಬೆಳೆಗಾರರೂ ಮಳೆಯನ್ನೇ ನೆಚ್ಚಿದ ನಾಗಮಂಗಲದ ಕಡೆಯ ಬೆಳೆಗಾರರೂ ಏನು ಹಾಕಬೇಕೆಂದು ತೀರ್ಮಾನಿಸುವ ಮೊದಲು ತಮ್ಮ ಪೇಟೆಯ ಹಾರ ಕಟ್ಟುವವರನ್ನು ಕೇಳುವುದು ಲೇಸು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಏರಿದ ಬೆಲೆಯನ್ನು ಕಂಡು ಎಲ್ಲರೂ ಒಟ್ಟಿಗೆ ಒಂದೇ ಹೂವನ್ನು ಹಾಕಿ, ಕೊಯ್ಲಿನ ಹೊತ್ತಿಗೆ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿಯುವ ದುಃಸ್ಥಿತಿ ಹೊಸದೇನಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳಿಲ್ಲ. ಈ ಮಾಸಗಳು ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತವೆ. ಹೂವಿನ ವ್ಯಾಪಾರಕ್ಕೆ ಇದಕ್ಕಿಂತ ಉತ್ತಮವಾದ ಮುನ್ಸೂಚನೆ ಬೇರೆಲ್ಲಿಯೂ ಸಿಗದು.

ಪಂಚಾಂಗದಲ್ಲಿ ಕಾಣದ ಒಂದು ಹಬ್ಬವೂ ಇದೆ. ರಾಜ್ಯ ಸರ್ಕಾರಿ ನೌಕರರು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹಳೆಯ ಶಾಲಾ ದಾಖಲೆಗಳಲ್ಲಿ ಜೂನ್ 1ನ್ನೇ ಜನ್ಮದಿನವೆಂದು ಬರೆಸಿದವರು ಬಹಳ ಮಂದಿಯಾದ್ದರಿಂದ ಮೇ 31ರಂದು ಬೀಳ್ಕೊಡುಗೆಗಳು ಒಟ್ಟಾಗಿ ಬರುತ್ತವೆ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರಿಗೆ ಅವಸರದಲ್ಲಿ ಕಟ್ಟಿದ, ಪ್ಲಾಸ್ಟಿಕ್ ಹಾಳೆ ಸುತ್ತಿದ ಗುಚ್ಛಕ್ಕಿಂತ ಅಚ್ಚುಕಟ್ಟಾದ ಒಂದು ಹಾರವೂ, ವಿದ್ಯಾರ್ಥಿಗಳೆಲ್ಲರ ಸಹಿಯುಳ್ಳ ಒಂದು ದಪ್ಪ ಹಾಳೆಯ ಪತ್ರವೂ ಹೆಚ್ಚು ಸಂತೋಷ ಕೊಡುತ್ತವೆ. ಈ ಎರಡನ್ನೂ ಒಟ್ಟಿಗೆ ಒದಗಿಸುವೆವೆಂದು ಶಾಲೆ, ಕಚೇರಿಗಳಿಗೆ ಮೊದಲೇ ತಿಳಿಸಿಟ್ಟ ಅಂಗಡಿಗೆ ಆ ದಿನದ ಕೆಲಸ ತಪ್ಪದು.

ಮೊಳ, ಮಾರು ಮತ್ತು ನಂಬಿಕೆ

ಹೂವನ್ನು ಮೊಳ, ಮಾರುಗಳಲ್ಲಿ ಅಳೆಯುವುದು ನಮ್ಮ ಪೇಟೆಗಳ ಬಹುಕಾಲದ ರೂಢಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಆದರೆ ಕೈ ಯಾರದು ಎಂಬುದೇ ಪ್ರಶ್ನೆ. ಮಾರುವವರ ಕೈ ಚಿಕ್ಕದೆಂದು ಕೊಳ್ಳುವವರು, ಕೊಳ್ಳುವವರ ಆಸೆ ದೊಡ್ಡದೆಂದು ಮಾರುವವರು ದಿನವೂ ವಾದಿಸುತ್ತಾರೆ. ಮೊಳ ಒಂದೇ ಆದರೂ ಹೂವನ್ನು ಬಿಡಿಬಿಡಿಯಾಗಿ ಕಟ್ಟಿದರೆ ಅರ್ಧ ದಾರವೇ ಆಗಿರುತ್ತದೆ.

2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ಬೆಲೆಯನ್ನು ಮೆಟ್ರಿಕ್ ಮಾನದಲ್ಲಿಯೇ ಹೇಳತಕ್ಕದ್ದು. ಬೀದಿಯಲ್ಲಿ ಬುಟ್ಟಿ ಹೊತ್ತ ಅಜ್ಜಿಯ ಮೇಲೆ ಈ ಕಾಯಿದೆಯನ್ನು ಹೇರಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಆದರೆ ಖಾಯಂ ಅಂಗಡಿ ಹೊಂದಿದವರು ಮೇಜಿನ ಅಂಚಿಗೆ ಒಂದು ಮೀಟರಿನ ಪಟ್ಟಿ ಹೊಡೆದು, ಅದರ ಮೇಲೆ ಅಳೆದು ಕೊಟ್ಟರೆ ವಾದವೇ ಇರುವುದಿಲ್ಲ. ಮದುವೆಗೆ ನೂರು ಮಾರು ಹೂವು ಹೇಳಿದವರಿಗೆ ಒಂದು ಮಾರಿಗೆ ಇಂತಿಷ್ಟು ಅಡಿ ಎಂದು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಯಾವ ಖರ್ಚೂ ಇಲ್ಲ. ಮದುವೆಯ ದಿನ ಬೆಳಗಿನ ಜಾವ ಛತ್ರದ ಬಾಗಿಲಲ್ಲಿ ನಡೆಯುವ ಜಗಳ ಇದರಿಂದ ತಪ್ಪುತ್ತದೆ. ಮುಂಗಡ ಪಡೆಯುವಾಗಲೇ ದರವನ್ನು ನಿಗದಿಪಡಿಸಿ, ಮಾರುಕಟ್ಟೆ ಏರಿದರೆ ಎಷ್ಟರವರೆಗೆ ಹೆಚ್ಚಿಸಬಹುದೆಂಬುದನ್ನೂ ಅದೇ ಚೀಟಿಯಲ್ಲಿ ನಮೂದಿಸುವುದು ಇಬ್ಬರಿಗೂ ಕ್ಷೇಮ.

ಹೂ ಮಾರಿದ ಊರಿನಲ್ಲಿ ಹುಲ್ಲು

ಹೂ ಮಾರಿದ ಊರಿನಲ್ಲಿ ಹುಲ್ಲು ಮಾರಬಾರದೆಂಬ ಗಾದೆಯಿದೆ. ಇಂದು ನಮ್ಮ ಮಂಟಪಗಳಲ್ಲಿ ಕಾಣುವುದು ಹುಲ್ಲಿಗಿಂತಲೂ ಕಡೆಯಾದ ವಸ್ತು. ಪ್ಲಾಸ್ಟಿಕ್ ಮತ್ತು ಬಟ್ಟೆಯ ಹೂವುಗಳನ್ನು ಒಮ್ಮೆ ಕೊಂಡು ಐವತ್ತು ಮದುವೆಗೆ ಬಾಡಿಗೆಗೆ ಕಟ್ಟುತ್ತಾರೆ. ಅಲಂಕಾರ ಮಾಡುವವರಿಗೆ ಅದು ಲಾಭದಾಯಕವೆಂಬುದು ನಿಜ. ಮಳೆಗಾಲದಲ್ಲಿ ಹೂವು ಸಿಗದಾಗ, ಎತ್ತರದ ಕಮಾನಿಗೆ ಮೊಳೆ ಹೊಡೆಯಬೇಕಾದಾಗ ಅದರ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಪ್ರತಿ ಮಂಟಪದಿಂದ ನಿಜವಾದ ಹೂವು ಹೊರಬಿದ್ದಂತೆ ತಾಲ್ಲೂಕಿನ ಒಬ್ಬ ಬೆಳೆಗಾರನ ಒಂದು ದಿನದ ಬೆಳೆಗೆ, ಹತ್ತು ಮಂದಿ ಹೆಣ್ಣುಮಕ್ಕಳ ಒಂದು ರಾತ್ರಿಯ ಕೂಲಿಗೆ ಕುತ್ತು ಬರುತ್ತದೆ. ಅದೇ ಹೆಣ್ಣುಮಗಳು ನಾಳೆ ಕಿರಾಣಿ ಅಂಗಡಿಗೂ ಬಟ್ಟೆ ಅಂಗಡಿಗೂ ಬರಬೇಕಾದ ಗಿರಾಕಿ ಎಂಬುದನ್ನು ಉಳಿದ ವರ್ತಕರೂ ನೆನೆಯಬೇಕು.

ದಾರಿ ನಡುವೆಯೂ ಇದೆ. ಹಿನ್ನೆಲೆಯ ದೊಡ್ಡ ಕಮಾನು ಬಾಡಿಗೆಯದಾಗಲಿ. ಧಾರೆಯ ಕಂಬಗಳು, ವಧೂವರರ ಹಾರ, ಬಾಗಿಲ ತೋರಣ, ಮುಡಿಗೆ ಹಂಚುವ ಹೂವು ನಿಜವಾದವೇ ಆಗಿರಲಿ ಎಂದು ಅಲಂಕಾರದವರು ಮನೆಯವರಿಗೆ ಸೂಚಿಸಬಹುದು.

ಕಾನೂನಿನ ಪಟ್ಟಿಯೂ ಗೊತ್ತಿರಬೇಕು. ಕರ್ನಾಟಕವು 2016ರಲ್ಲಿಯೇ ಫ್ಲೆಕ್ಸ್ ಮೊದಲಾದ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಸೇರಿದೆ. ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಅದೇ ಪಟ್ಟಿಯಲ್ಲಿದೆ. ಹೊಳೆಯುವ ಹಾಳೆಯೊಳಗೆ ಲಗ್ನಪತ್ರಿಕೆಯನ್ನಿಟ್ಟು ಮಾರುವವರು ತಮಗರಿವಿಲ್ಲದೆಯೇ ದಂಡಕ್ಕೆ ಗುರಿಯಾಗುತ್ತಾರೆ.

ಪತ್ರಿಕೆಯನ್ನು ಆರಿಸುವ ಬಗೆ

ಈ ಭಾಗದಲ್ಲಿ ಲಗ್ನಪತ್ರಿಕೆಯೆಂಬುದು ಕೇವಲ ಸುದ್ದಿ ತಿಳಿಸುವ ಕಾಗದವಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮೊದಲ ಪ್ರತಿಯನ್ನು ಮನೆದೇವರ ಮುಂದಿಟ್ಟು, ಬಳಿಕ ಮನೆಮನೆಗೆ ಹೋಗಿ ಕೈಯಲ್ಲಿ ಕೊಡುವುದು ಪದ್ಧತಿ. ಪತ್ರಿಕೆಯ ನೆತ್ತಿಯ ಮೇಲೆ ರಂಗನಾಥಸ್ವಾಮಿ ಪ್ರಸನ್ನನಾದರೆ ಒಂದು ಕಡೆಯವರು, ಚೆಲುವನಾರಾಯಣಸ್ವಾಮಿ ಪ್ರಸನ್ನನಾದರೆ ಮತ್ತೊಂದು ಕಡೆಯವರು, ಕಾಲಭೈರವೇಶ್ವರ ಪ್ರಸನ್ನನಾದರೆ ಮಗದೊಂದು ಕಡೆಯವರೆಂದು ಓದಿದವರು ಊಹಿಸಬಲ್ಲರು. ಫೋನಿಗೆ ಬಂದ ಚಿತ್ರವನ್ನು ನೋಡಿ ಮದುವೆಗೆ ಹೋಗಲು ಹಿರಿಯರು ಇಂದಿಗೂ ಹಿಂಜರಿಯುತ್ತಾರೆ. ‘ಪತ್ರಿಕೆ ಕೊಡದವರ ಮನೆಗೆ ಹೇಗೆ ಹೋಗುವುದು’ ಎಂಬ ಮುನಿಸು ವರ್ಷಗಟ್ಟಲೆ ಉಳಿದ ಉದಾಹರಣೆಗಳು ಎಲ್ಲ ಊರುಗಳಲ್ಲಿವೆ.

ಆದ್ದರಿಂದ ಮುದ್ರಕರು ಫೋನನ್ನು ಶತ್ರುವೆಂದು ಭಾವಿಸುವ ಅಗತ್ಯವಿಲ್ಲ. ಒಂದು ಲೆಕ್ಕವನ್ನು ಗಿರಾಕಿಯ ಮುಂದಿಡಬಹುದು. 40 ರೂಪಾಯಿಯ ಪತ್ರಿಕೆಯನ್ನು 500 ಪ್ರತಿ ಮಾಡಿಸಿದರೆ 20,000 ರೂಪಾಯಿ. ಅದರ ಬದಲು ಮನೆಗೆ ಹೋಗಿ ಕರೆಯಬೇಕಾದ 200 ಮನೆಗಳಿಗೆ ಅದೇ ಪತ್ರಿಕೆ ಮಾಡಿಸಿ, ಉಳಿದವರಿಗೆ ಅದೇ ವಿನ್ಯಾಸವನ್ನು ಫೋನಿಗೆ ಒಗ್ಗುವಂತೆ ರೂಪಿಸಿಕೊಟ್ಟು ಅದಕ್ಕೊಂದು ಶುಲ್ಕ ಪಡೆದರೆ ಗಿರಾಕಿಗೆ ಅರ್ಧಕ್ಕಿಂತ ಹೆಚ್ಚು ಉಳಿತಾಯವಾಗುತ್ತದೆ. ಮುದ್ರಕನಿಗೆ ಕೆಲಸ ಪೂರ್ತಿ ಕೈತಪ್ಪುವುದಿಲ್ಲ.

ಶಿವಕಾಶಿಯಿಂದ ಬರುವ ಸಿದ್ಧ ಪತ್ರಿಕೆಯ ಮೇಲೆ ಹೆಸರು ಅಚ್ಚೊತ್ತುವುದು ಎಲ್ಲರಿಂದಲೂ ಸಾಧ್ಯ. ಊರಿನ ಮುದ್ರಕನ ಹೆಚ್ಚುಗಾರಿಕೆ ಒಳಗಿನ ಒಕ್ಕಣೆಯಲ್ಲಿದೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಹಿರಿಯ ಕೆಲಸಗಾರರು ತಪ್ಪಿದ್ದರೆ ತಾವೇ ತಿದ್ದುತ್ತಿದ್ದರು. ಈಗ ‘ವಧು’ವು ‘ವದು’ವಾಗಿ, ‘ಹಾರ್ದಿಕ’ವು ‘ಆರ್ದಿಕ’ವಾಗಿ ನೂರಾರು ಮನೆಗಳನ್ನು ತಲುಪುತ್ತವೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಒಡೆಯುವುದೂ ಉಂಟು. ಅಜ್ಜ ಅಜ್ಜಿಯರ ಹೆಸರಿನ ಕ್ರಮ, ತೀರಿಕೊಂಡವರ ಹೆಸರಿನ ಹಿಂದಿನ ‘ದಿವಂಗತ’, ಮುಹೂರ್ತದ ಗಂಟೆ, ಛತ್ರದ ವಿಳಾಸ ಇವನ್ನು ಮನೆಯ ಇಬ್ಬರಿಂದಲಾದರೂ ಓದಿಸಿ ಸಹಿ ಪಡೆದ ಮೇಲೆಯೇ ಅಚ್ಚಿಗೆ ಕಳುಹಿಸುವ ನಿಯಮವನ್ನು ಪ್ರತಿ ಮುದ್ರಣಾಲಯವೂ ಇಟ್ಟುಕೊಳ್ಳಬೇಕು. ತಪ್ಪಿದ ಹೆಸರಿನ ಮೇಲೆ ಚೀಟಿ ಅಂಟಿಸಿದ ಪತ್ರಿಕೆಗೆ ಎಷ್ಟು ಬೆಲೆ ಕೊಟ್ಟರೂ ಕಳೆಯಿಲ್ಲ.

ಇನ್ನೊಂದು ಹೊಣೆಯೂ ಮುದ್ರಕರ ಮೇಲಿದೆ. ಬಾಲ್ಯವಿವಾಹ ನಿಷೇಧ ಕಾಯಿದೆ 2006ರ ಪ್ರಕಾರ ವಧುವಿಗೆ 18, ವರನಿಗೆ 21 ವರ್ಷ ತುಂಬಿರಲೇಬೇಕು. ಬಾಲ್ಯವಿವಾಹವನ್ನು ನಡೆಸುವವರಷ್ಟೇ ಅಲ್ಲ, ಅದಕ್ಕೆ ನೆರವಾಗುವವರೂ ಶಿಕ್ಷೆಗೆ ಒಳಗಾಗುತ್ತಾರೆ. ವಯಸ್ಸಿನ ದಾಖಲೆಯನ್ನು ನೋಡಿ ಅದರ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಂಡು ಮುದ್ರಿಸುವುದು ಸಂಕೋಚದ ವಿಷಯವಲ್ಲ. ಒಂದು ಪತ್ರಿಕೆಯ ಲಾಭ ತಪ್ಪಿದರೂ ಒಂದು ಹೆಣ್ಣುಮಗುವಿನ ಓದು ಉಳಿದರೆ ಅದು ನಷ್ಟವೆನಿಸದು.

ಪತ್ರಿಕೆ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. ಕುವೆಂಪು ಅವರು 1966ರಲ್ಲಿ ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ‘ಮಂತ್ರಮಾಂಗಲ್ಯ’ದ ರೀತಿಯಲ್ಲಿ ಸರಳವಾಗಿ ನೆರವೇರಿಸಿದರು. ಆ ಬಳಿಕ ಅನೇಕ ಕುಟುಂಬಗಳು ಆ ದಾರಿ ಹಿಡಿದಿವೆ. ಅಂತಹವರು ಅಂಗಡಿಗೆ ಬಂದಾಗ ‘ಇವರಿಂದ ವ್ಯಾಪಾರವಿಲ್ಲ’ ಎಂದು ಉದಾಸೀನ ಮಾಡುವುದು ತಪ್ಪು. ಒಂದೇ ಹಾಳೆಯ, ಒಂದೇ ಬಣ್ಣದ, ಒಳ್ಳೆಯ ಕಾಗದದ ಪತ್ರಿಕೆಯನ್ನು ಅಂದವಾಗಿ ಮಾಡಿಕೊಡುವುದರಲ್ಲಿಯೇ ಮುದ್ರಕನ ಕಸುಬು ಪರೀಕ್ಷೆಗೊಳಗಾಗುತ್ತದೆ.

ದುಃಖದ ದಿನದ ಗಿರಾಕಿ

ಶ್ರೀರಂಗಪಟ್ಟಣಕ್ಕೆ ಜನ ಸಂತೋಷಕ್ಕೆ ಮಾತ್ರ ಬರುವುದಿಲ್ಲ. ಗಂಜಾಂನ ನಿಮಿಷಾಂಬ ದೇವಾಲಯಕ್ಕೆ ಹರಕೆ ಹೊತ್ತು ಬರುವವರಂತೆಯೇ, ಪಶ್ಚಿಮವಾಹಿನಿಗೂ ಸಂಗಮಕ್ಕೂ ಅಸ್ಥಿ ವಿಸರ್ಜನೆಗಾಗಿ, ಪಿತೃಕಾರ್ಯಕ್ಕಾಗಿ ದೂರದೂರಿನಿಂದ ಬರುತ್ತಾರೆ. ಅಂದಿನ ಗಿರಾಕಿ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಅದನ್ನೇ ಅವಕಾಶವೆಂದು ಭಾವಿಸಿ ಹಾರಕ್ಕೆ ಎರಡರಷ್ಟು ಬೆಲೆ ಹೇಳುವವರಿಂದ ಇಡೀ ಪೇಟೆಗೆ ಕೆಟ್ಟ ಹೆಸರು ಬರುತ್ತದೆ. ತಿಥಿಯ ಪತ್ರಿಕೆಯಲ್ಲಿ ಕಪ್ಪು ಶಾಯಿಯ ನಾಲ್ಕು ಸಾಲು, ತೀರಿಕೊಂಡವರ ಒಂದು ಸ್ಪಷ್ಟ ಭಾವಚಿತ್ರ, ದಿನ, ಸ್ಥಳ ಇಷ್ಟಿದ್ದರೆ ಸಾಕು. ಅದನ್ನು ಕೇಳಿದ ದಿನವೇ ಮುದ್ರಿಸಿಕೊಡುವುದು, ದರವನ್ನು ಬರೆದು ತೂಗುಹಾಕುವುದು ವ್ಯಾಪಾರಧರ್ಮ. ದುಃಖದಲ್ಲಿ ನ್ಯಾಯವಾಗಿ ನಡೆದುಕೊಂಡ ಅಂಗಡಿಯನ್ನು ಆ ಮನೆಯವರು ಮುಂದಿನ ಮದುವೆಗೂ ನೆನೆಯುತ್ತಾರೆ.

ಮುಂದೆ ಆಗಬೇಕಾದದ್ದು

ಹೂವಿನವರೂ ಮುದ್ರಕರೂ ಒಂದೇ ಬೀದಿಯಲ್ಲಿದ್ದರೂ ಪರಸ್ಪರ ವ್ಯವಹಾರವಿಲ್ಲ. ಹಾರ ಅಥವಾ ಗುಚ್ಛದೊಡನೆ ಕಟ್ಟಿಕೊಡಬಹುದಾದ, ಅಂಗೈಯಗಲದ, ಕನ್ನಡದ ಶುಭಾಶಯ ಚೀಟಿಗಳನ್ನು ನಾಮಕರಣ, ಗೃಹಪ್ರವೇಶ, ನಿವೃತ್ತಿ, ಷಷ್ಟಿಪೂರ್ತಿ, ಸಾಂತ್ವನ ಎಂದು ಬೇರೆ ಬೇರೆಯಾಗಿ ಮುದ್ರಿಸಿ ಹೂವಿನಂಗಡಿಯಲ್ಲಿ ಇಡಬಹುದು. ಹೆಸರು ಬರೆಯಲು ಎರಡು ಸಾಲು ಖಾಲಿ ಬಿಟ್ಟರೆ ಸಾಕು. ಇದಕ್ಕೆ ಬೇಕಾದ ಬಂಡವಾಳ ಅಲ್ಪ.

ಬಂಡವಾಳದ ಕೊರತೆಯಿರುವವರಿಗೆ ಎರಡು ಯೋಜನೆಗಳು ತಿಳಿದಿರಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹಾರ ಕಟ್ಟುವ ಮಾಲಾಕಾರರ ಕಸುಬೂ ಒಂದು. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಜಾಮೀನಿಲ್ಲದೆ ಮೊದಲ ಕಂತಾಗಿ 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ ಅದರಲ್ಲಿ ಸೇರಿವೆ. ಬೀದಿಬದಿಯ ಹೂವಿನವರಿಗೆ 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಿದೆ. ಬಡ್ಡಿಗೆ ಬೆಳಗ್ಗೆ ಸಾಲ ತಂದು ಸಂಜೆ ತೀರಿಸುವ ಹೆಣ್ಣುಮಕ್ಕಳಿಗೆ ಈ ಅರ್ಜಿಗಳನ್ನು ತುಂಬಿಸಿಕೊಡುವ ಕೆಲಸವನ್ನು ತಾಲ್ಲೂಕುಗಳ ವರ್ತಕರ ಸಂಘಗಳು ವಹಿಸಿಕೊಂಡರೆ ಅದು ಉಪಕಾರವೂ ಹೌದು, ಪೇಟೆಯ ಹಿತವೂ ಹೌದು.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟವಾದ ತಮ್ಮ ದಾಂಪತ್ಯಗೀತೆಗಳ ಸಂಕಲನಕ್ಕೆ ಇಟ್ಟ ಹೆಸರು ‘ಮೈಸೂರು ಮಲ್ಲಿಗೆ’. ನವದಂಪತಿಗಳಿಗೆ ಉಡುಗೊರೆಯಾಗಿ ಆ ಪುಸ್ತಕವನ್ನು ಕೊಟ್ಟವರು ಕನ್ನಡನಾಡಿನಲ್ಲಿ ಅಸಂಖ್ಯ. ಹೂವಿನ ಬದಲು ಪುಸ್ತಕವೇ, ಪುಸ್ತಕದ ಬದಲು ಹೂವೇ ಎಂಬ ವಾದಕ್ಕೆ ಈ ಸೀಮೆಯಲ್ಲಿ ಎಡೆಯಿಲ್ಲ. ಎರಡನ್ನೂ ಒಂದು ಚೀಟಿಯೊಡನೆ ಕಟ್ಟಿಕೊಡಬಲ್ಲ ಅಂಗಡಿಯೊಂದು ಕಿಕ್ಕೇರಿಯಿಂದ ಮೇಲುಕೋಟೆಯವರೆಗೆ ಪ್ರತಿ ಪೇಟೆಯಲ್ಲಿಯೂ ಇರಬೇಕು. ಮಗಳ ಮದುವೆಗೆ ಏನು ಕೊಳ್ಳಲೆಂದು ತಿಳಿಯದೆ ನಿಂತ ತಂದೆಗೆ ಒಂದು ಮಣೆ ಹಾಕಿ, ‘ಕುಳಿತುಕೊಳ್ಳಿ ಯಜಮಾನರೆ, ಮುಹೂರ್ತ ಎಷ್ಟು ಗಂಟೆಗೆ?’ ಎಂದು ಕೇಳುವ ವ್ಯಾಪಾರಿ ಆ ಅಂಗಡಿಯಲ್ಲಿರಬೇಕು. ಆ ತಂದೆ ಮೈಸೂರಿನ ಬಸ್ಸು ಹತ್ತುವ ಅಗತ್ಯ ಆಗ ಬೀಳಲಾರದು.